ಕಸ್ತೂರೆವ್ವ ಕಲಿತ ಇಂಗ್ಲಿಷ್

ಸಿಂದಗಿಯಲ್ಲಿ ಕುರಿ ಕಾಯುತ್ತಿದ್ದ ಕಸ್ತೂರೆವ್ವನಿಗೆ ಬರುತ್ತಿದ್ದುದು ಒಂದೇ ಇಂಗ್ಲಿಷ್ ಮಾತು. ಅದನ್ನು ಅವಳು ಎಪ್ಪತ್ನಾಲ್ಕನೇ ಇಸವಿಯಲ್ಲಿ ನಮ್ಮ ಹೈಸ್ಕೂಲಿನಲ್ಲಿ ಕಲಿತಳು.

ನಮ್ಮ ಇಂಗ್ಲಿಷ್ ಮಾಸ್ತರ ಧೂಳಪ್ಪ ಶುದ್ಧ ಕಟುಕ. ಪದದ ಅರ್ಥ ಹೇಳುತ್ತಿರಲಿಲ್ಲ, ಹುಡುಗರ ಮೈಮೇಲೆ ಮಾಡಿ ತೋರಿಸುತ್ತಿದ್ದ. ‘ಬೀಟ್ ಅಪ್’ ಪಾಠದ ದಿನ ಕಸ್ತೂರೆವ್ವನ ಮಗ ಅಮಸಿದ್ದನನ್ನು ಮುಂದೆ ಕರೆದ. ಒಂದೇಟು ಹಾಕಿ, “ಇದು ಬರೇ ಬೀಟ್” ಎಂದ. ಆಮೇಲೆ ಅವನು ನೆಲಕ್ಕೆ ಬೀಳುವವರೆಗೂ ಬೆತ್ತದಿಂದ ಬಾರಿಸಿ, “ಇದು ಬೀಟ್ ಅಪ್” ಎಂದ. ಅಮಸಿದ್ದನ ಬೆನ್ನಿನ ಚರ್ಮ ಸುಲಿದಿತ್ತು.

ಮರುದಿನ ಕಸ್ತೂರೆವ್ವ ಬಡಿಗೆ ಹಿಡಿದು ನೇರ ಕ್ಲಾಸಿನೊಳಗೇ ಬಂದಳು. ಕುರಿಗಳನ್ನು ತಿರುಗಿಸುವ ಬಡಿಗೆ ಅದು. ಒಂದು ಕುರಿಗೂ ಅವಳು ಅದನ್ನು ತಾಗಿಸಿದವಳಲ್ಲ.

“ನಿನ್ನಿ ಕಲಿಸಿದ್ದನ್ನ ನನಗೂ ಕಲಿಸ್ರಿ, ಮಾಸ್ತರ್ರ.”

ಮಾಸ್ತರ ನಕ್ಕ. “ಬೀಟ್ ಅಪ್ ಅಂದ್ರ ಏಳಾಕ ಬರದಂಗ ಬಡಿಯೂದು.”

ಮೊದಲ ಏಟಿಗೇ ಅವನ ಹಲ್ಲು ಹಾರಿತು. ಮುಂದಿನದಕ್ಕೆ ಮೊಣಕಾಲು ಮುರಿಯಿತು. ಬಿದ್ದ ಮೇಲೂ ಅವಳು ಬಿಡಲಿಲ್ಲ. ಬಿಡಿಸಲು ನಾವು ಯಾರೂ ಏಳಲಿಲ್ಲ. ಯಾಕೆ ಏಳಬೇಕು?

ಬಡಿಗೆಗೆ ಹತ್ತಿದ ರಕ್ತವನ್ನು ಸೆರಗಿನಿಂದ ಒರೆಸುತ್ತ, ಅವನ ಮುಖದ ಮೇಲೆ ಬಾಗಿ ಕೇಳಿದಳು:

“ಬರೋಬ್ಬರಿ ಆತೇನ್ರಿ? ಇಲ್ಲಾ, ಇನ್ನೂ ಬರೇ ಬೀಟ್ ಐತೇನ್ರಿ?”