ಹೆಪ್ಪಿಲ್ಲದ ಗಡಿಗೆ

ಮೊದಲು ಬಂದದ್ದು ವಾಸನೆ. ನೋವಿಲ್ಲ, ಜ್ವರವಿಲ್ಲ. ಸೀರೆಗೆ ಬೂದುಬಿಳುಪಿನ ನೀರು ಅಂಟುತ್ತಿತ್ತು. ಯಾರಿಗೂ ಕಾಣದ ಹಾಗೆ ಒಗೆದುಕೊಳ್ಳುತ್ತಿದ್ದೆ. ವಾಸನೆಯನ್ನು ಮಾತ್ರ ಮುಚ್ಚಿಡಲು ಆಗಲಿಲ್ಲ. ಪುಣೆಯ ಈ ವಾಡೆಯಲ್ಲಿ ನಮ್ಮ ಪಾಲಿಗಿರುವುದು ಒಂದು ಪಡಸಾಲೆ, ಒಂದು ಕೋಣೆ, ಅಡಿಗೆಮನೆ.

ಅತ್ತೆಯ ಮೂಗು ಚುರುಕು.

"ಖರೇ ಹೇಳು. ದಂಡಿನ ಕ್ಯಾಂಪಿನ ಕಡೆ ಹೋಗಿ ಮೀನ ತಿಂದು ಬಂದಿಯೇನು?"

ನಾನು ಧಾರವಾಡದ ವೈದಿಕರ ಮನೆಯಲ್ಲಿ ಹುಟ್ಟಿದವಳು. ಮೀನು ಹೇಗೆ ನಾರುತ್ತದೆಂದೇ ನನಗೆ ತಿಳಿಯದು. ನಿಮಗೆ ಹೇಗೆ ಗೊತ್ತು ಎಂದು ಅತ್ತೆಯನ್ನು ಕೇಳಬಹುದಿತ್ತು. ಅದು ಹೊಳೆದದ್ದು ಈಗ.

ಮುಟ್ಟಾದರೆ ಮೂರು ದಿನ ಹೊರಗೆ ಕೂಡುವುದು ನಮ್ಮಲ್ಲಿ ಇದ್ದದ್ದೇ.

ನನ್ನ ಮೂರು ದಿನ ಮುಗಿಯಲೇ ಇಲ್ಲ.

ಒಲೆ ಮುಟ್ಟುವಂತಿಲ್ಲ, ಹಾಲು ಮೊಸರು ಮುಟ್ಟುವಂತಿಲ್ಲ. ಊಟ ಹಿತ್ತಿಲ ಬಾಗಿಲಲ್ಲಿ. ಕಚೇರಿಯಲ್ಲಿ ಗುಮಾಸ್ತರಾಗಿರುವ ನನ್ನ ಗಂಡ ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಹೋದರು. ಬೈಯಲಿಲ್ಲ. ಬೈದಿದ್ದರೆ ಅತ್ತಾದರೂ ಹಗುರಾಗುತ್ತಿದ್ದೆ. "ದೀಪಾವಳಿಗೆ ಅಕಿ ಅಣ್ಣ ಕರ್ಯಾಕ ಬರ್ತಾನ. ಕಳಿಸಿಬಿಡು. ತಿರುಗಿ ಬರೂದು ಬ್ಯಾಡ," ಎಂದು ಅತ್ತೆ ಮಗನಿಗೆ ಹೇಳಿದ್ದು ಗೋಡೆಯಾಚೆ ಕೇಳಿಸಿತು. ಅವರು ಹೂಂ ಎನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ.

ನಾನು ತೊಳೆದೆ. ಸೀಗೆಪುಡಿ. ಸೋಪು. ಪಕ್ಕದ ಓಣಿಯ ಕಂಪೌಂಡರ್ ಹೇಳಿಕೊಟ್ಟ ಪರ್ಮ್ಯಾಂಗನೇಟಿನ ನೇರಳೆ ನೀರು, ಡೂಶ್ ಕ್ಯಾನ್ ಎಂಬ ತೂಗುಡಬ್ಬಿಯ ಕೊಳವೆಯಿಂದ ಒಳಗಿನವರೆಗೂ. ತೊಳೆದಷ್ಟೂ ವಾಸನೆ ಹೆಚ್ಚಿತು, ಹೆಚ್ಚಿದಷ್ಟೂ ತೊಳೆದೆ. ಚರ್ಮ ಉರಿಯುತ್ತಿತ್ತು, ಅದೂ ಬೇರೆ ಯಾರದೋ ಚರ್ಮ ಅನ್ನಿಸುತ್ತಿತ್ತು. ಕಳಿಸಿದರೆ ಹೋಗುವುದು, ಅಷ್ಟೇ ಎಂದುಕೊಳ್ಳುತ್ತಿದ್ದೆ. ಅಂಥ ಮಾತಿಗೆ ಕಣ್ಣಲ್ಲಿ ನೀರು ಬರಬೇಕು. ಬರಲಿಲ್ಲ.

ದವಾಖಾನೆಗೆ ಕರೆದೊಯ್ದವರು ಅತ್ತೆಯೇ. ನಾನು ಮೀನು ತಿಂದೆನೆಂಬುದನ್ನು ಲೇಡಿ ಡಾಕ್ಟರ ಬಾಯಿಂದಲೇ ಹೊರಡಿಸಬೇಕೆಂದು ಹೊರಟಿದ್ದರು. ಡಾಕ್ಟರು ಬೆಳಗಾವಿ ಕಡೆಯವರು, ನಮ್ಮ ಮಾತೇ ಆಡುತ್ತಿದ್ದರು. ಪರೀಕ್ಷೆ ಮಾಡಿ, ಒಳಗಿನ ನೀರು ಸವರಿದ ಗಾಜಿನ ಸ್ಲೈಡನ್ನು ಮೈಕ್ರೋಸ್ಕೋಪಿಗಿಟ್ಟು ಬಹಳ ಹೊತ್ತು ನೋಡಿದರು.

"ಏನ ತಿಂದಾಳ್ರಿ?" ಅತ್ತೆ ಕೇಳಿದರು.

"ಏನೂ ತಿಂದಿಲ್ರಿ. ಭಾಳ ತೊಳಕೊಂಡಾರ."

ಅತ್ತೆಗೆ ಅರ್ಥವಾಗಲಿಲ್ಲ. ನನಗೂ ಇಲ್ಲ. ತೊಳೆಯುವುದು ತಪ್ಪೆಂದು ನಮಗೆ ಯಾರೂ ಹೇಳಿರಲಿಲ್ಲ.

"ಹೆಣ್ಣುಮಕ್ಕಳ ಒಳಗ ಕಡ್ಡಿಯಂಥಾ ಸಣ್ಣ ಜೀವಾಣು ಇರ್ತಾವ್ರಿ. ಅವು ಅಲ್ಲಿ ಹುಳಿ ಇಡ್ತಾವ. ಹುಳಿ ಇದ್ರ ಬ್ಯಾರೆ ಕ್ರಿಮಿ ಹೆಚ್ಚಾಗೂದಿಲ್ಲ. ನಿಮ್ಮ ಸೊಸಿ ಸ್ಲೈಡಿನ್ಯಾಗ ಆ ಕಡ್ಡಿ ಒಂದೂ ಇಲ್ಲ. ಮೊದಲ ಕಡಿಮಿ ಆಗಿದ್ವು, ಇದ್ದಬದ್ದ ಹೆಪ್ಪೂ ತೊಳದು ಹೋಗೇದ." ಡಾಕ್ಟರು ಅತ್ತೆಯ ಕಡೆ ತಿರುಗಿದರು. "ಹಾಲಿಗೆ ಹೆಪ್ಪು ಹಾಕದ ಹಂಗ ಬಿಟ್ರ ಏನಾಗ್ತದ್ರಿ?"

ಅತ್ತೆ ನೆಲ ನೋಡಿದರು. "ನಾರ್ತದ್ರಿ."

ಡೂಶ್ ಕ್ಯಾನ್ ಮುಟ್ಟಬಾರದು ಎಂದರು ಡಾಕ್ಟರು. ತೆಳುವಾದ ಲ್ಯಾಕ್ಟಿಕ್ ಆಸಿಡ್, ಅಂದರೆ ಮೊಸರಿನಲ್ಲಿರುವಂಥ ಹುಳಿಯ ಔಷಧವನ್ನು ನರ್ಸ್ ಕೈಯಿಂದ ಹಾಕಿಸಿದರು. ಇದು ಹೊಸ ಉಪಚಾರ, ಪರದೇಶದಲ್ಲೂ ಇನ್ನೂ ಪರೀಕ್ಷಿಸುತ್ತಿದ್ದಾರೆ, ಖಾತ್ರಿ ಕೊಡಲಾರೆ ಎಂದೂ ಹೇಳಿದರು. ಸ್ವಲ್ಪ ಕಾಲ ಗಂಡನಿಂದ ದೂರವಿರಬೇಕಂತೆ. "ಮನಿ ಮೊಸರು ಹಚ್ಚೀರಿ ಮತ್ತ, ಅದು ಬ್ಯಾಡ," ಎಂದು ಅತ್ತೆಗೆ ತಾಕೀತು ಮಾಡಿದರು. ಅತ್ತೆ ಅದನ್ನೇ ಯೋಚಿಸುತ್ತಿದ್ದರೆಂದು ಮುಖ ಹೇಳುತ್ತಿತ್ತು.

ತೊಳೆಯುವುದಕ್ಕಿಂತ ತೊಳೆಯದೆ ಇರುವುದು ಕಷ್ಟವಾಯಿತು. ಕೈ ತಾನಾಗಿ ಕ್ಯಾನಿನ ಕಡೆ ಹೋಗುತ್ತಿತ್ತು. ವಾಸನೆ ಹೋಯಿತು, ಒಮ್ಮೆ ತಿರುಗಿ ಬಂತು, ಮತ್ತೆ ದವಾಖಾನೆ. ಈಗ ಇಲ್ಲ. ಇನ್ನೆಂದೂ ಬರುವುದಿಲ್ಲ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ.

ದೀಪಾವಳಿಗೆ ಅಣ್ಣ ಬಂದ. ನನ್ನ ಟ್ರಂಕು ತುಂಬಿಸಿ ಇಟ್ಟಿದ್ದೆ.

"ಈಕಿ ಬರೂದಿಲ್ಲಪಾ," ಎಂದರು ಅತ್ತೆ. "ಮನ್ಯಾಗ ಹೆಪ್ಪು ಹಾಕಾವರು ಯಾರು?" ನನ್ನ ಮುಖ ನೋಡದೆ ಹಾಲಿನ ಗಡಿಗೆಯನ್ನು ನನ್ನ ಮುಂದಿಟ್ಟರು.

ಸಂತೋಷವಾಗಬೇಕಿತ್ತು. ಹಾಲು ಬೆಚ್ಚಗಿದೆಯೇ ಎಂದಷ್ಟೇ ನೋಡಿದೆ. ಹೆಪ್ಪು ಹಾಕಿ ಕೋಣೆಯ ಮೂಲೆಯಲ್ಲಿ ಮುಚ್ಚಿಟ್ಟೆ. ಆಮೇಲೆ ಡಾಕ್ಟರ ನೆನಪಾಗಿ ಮನಸ್ಸಿನಲ್ಲೇ ಕೈ ಮುಗಿದೆ.

ಆ ಸಂಜೆ ಇವರು ಸುತ್ತಿದ ಹಾಸಿಗೆ ಹೊತ್ತು ಕೋಣೆಯ ಬಾಗಿಲಿಗೆ ಬಂದು ನಿಂತರು. "ಒಳಗ ತರ್ಲೇನು?"

"ಈಗಷ್ಟ ಹೆಪ್ಪು ಹಾಕೀನ್ರಿ," ಎಂದೆ. "ಮೊಸರು ಗಟ್ಟಿ ಕೂಡೂ ತನಕ ಅಲಗಾಡಸಬ್ಯಾಡ್ರಿ."

ಅವರು ಗಡಿಗೆಯ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಹಾಸಿಗೆ ಹೊತ್ತು ಪಡಸಾಲೆಗೆ ಹೋದರು.