ಬೆನ್ನು ನನ್ನದು

ಪುಸ್ತಕ ಕಟ್ಟುವವನಿಗೆ ಬೆನ್ನು ಎಂದರೆ ಒಂದೇ. ಹಾಳೆಗಳನ್ನು ಸೇರಿಸಿ ಹೊಲಿದ ಬದಿ. ಕಪಾಟಿನಲ್ಲಿಟ್ಟರೆ ಹೊರಗೆ ಕಾಣುವುದು ಅದು, ಹೆಸರು ಬರೆಯುವುದೂ ಅದರ ಮೇಲೆಯೇ. ನಾನು ಐದನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವನು. ಕಾಪುವಿನಿಂದ ದಿನಾ ಬಸ್ಸು ಹತ್ತಿ ಮಣಿಪಾಲಕ್ಕೆ ಹೋಗಿ ಒಂದು ಪ್ರೆಸ್ಸಿನ ಬೈಂಡಿಂಗಿನಲ್ಲಿ ಕೆಲಸ ಮಾಡುತ್ತಿದ್ದೆ. ಈ ಗಲಾಟೆ ಆದಾಗ ನನಗೆ ಇಪ್ಪತ್ತಮೂರು ವರ್ಷ. ಬೆನ್ನು ಎಂಬ ಮಾತಿಗೆ ಬೇರೆ ಅರ್ಥ ಇರಬಹುದು ಎಂದು ಅಷ್ಟರವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಅಂಬಲಪಾಡಿಯಲ್ಲಿ ಒಂದು ಮನೆ. ಗಂಡ ಹೆಂಡತಿ ಇಬ್ಬರೂ ಕಾಲೇಜಿನಲ್ಲಿ ಕಲಿಸುವವರು. ಸರ್ ಚರಿತ್ರೆ ಕಲಿಸಿ ಆಗಷ್ಟೇ ನಿವೃತ್ತಿಯಾಗಿದ್ದರು, ಮೇಡಂ ಇನ್ನೂ ಕೆಲಸದಲ್ಲಿದ್ದರು. ಅವರವರೊಳಗೆ ಕೊಂಕಣಿ, ನನ್ನ ಹತ್ತಿರ ಕನ್ನಡ. ಆ ಮನೆಯಲ್ಲಿ ಕಾಗದ ಇಲ್ಲದ ಕುರ್ಚಿ ಇರಲಿಲ್ಲ. ಬಿಸ್ಕತ್ತಿನ ಡಬ್ಬದಲ್ಲಿ ಕಾಗದ, ಮಂಚದ ಅಡಿಯಲ್ಲಿ ಕಾಗದ. ಹೊಲಿಗೆ ಮೆಷಿನಿನ ಡ್ರಾವರ್ ಎಳೆದರೆ ಅದರಲ್ಲಿಯೂ ಕಾಗದ. ಸರ್ ಬರೆದ ಅಂಗಡಿ ಸಾಮಾನಿನ ಚೀಟಿಯಲ್ಲಿ ‘ಬಂಗುಡೆ’ ಮೀನು ಎಂಬಲ್ಲಿ ಒಂದು ಒತ್ತು ಜಾಸ್ತಿ ಆಗಿದ್ದಕ್ಕೆ ಮೇಡಂ ಕೆಂಪು ಶಾಯಿಯಲ್ಲಿ ಗೆರೆ ಎಳೆದದ್ದನ್ನು ನಾನೇ ನೋಡಿದ್ದೇನೆ. ಮನುಷ್ಯರು ಹೀಗೆ ಯಾಕೆ ಬದುಕುತ್ತಾರೆ ಎಂದು ನನಗೆ ಅರ್ಥವಾಗಲಿಲ್ಲ.

ಅವರು ನನ್ನನ್ನು ಕರೆಸಿದ ಕಾರಣ ಇಷ್ಟು. ಸರ್ ಕಾರ್ಕಳದ ಸುತ್ತಲಿನ ಕಲ್ಲುಗಳ ಮೇಲಿನ ಹಳೆಯ ಬರಹ ಓದಿ ಹಾಳೆಗಳಲ್ಲಿ ಇಳಿಸಿಕೊಂಡಿದ್ದರು. ಅದನ್ನು ಬೇರೆ ಊರಿನ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದವರು ಕೇಳಿದ್ದರು. ತೆಗೆದುಕೊಂಡು ಹೋಗಲು ಮುಂದಿನ ಶನಿವಾರದ ನಂತರದ ಶನಿವಾರ ಜನ ಬರುವುದು. ಹಾಳೆಗಳ ಅಂಚು ಮುಟ್ಟಿದರೆ ಪುಡಿ. ಅದಕ್ಕೆ ನಾನು ಬೇಕಾಯಿತು.

ಸರ್ ಒಂದು ಕಣ್ಣಿನ ಪೊರೆ ತೆಗೆಸಿಕೊಂಡು ಹಸಿರು ಬಟ್ಟೆ ಕಟ್ಟಿ ಈಸಿಚೇರಿನಲ್ಲಿ ಒರಗಿದ್ದರು. ಇನ್ನೊಂದು ಕಣ್ಣೂ ಅಷ್ಟಕ್ಕಷ್ಟೇ. ಆದ್ದರಿಂದ ಮಾತೆಲ್ಲ ಮೇಡಂದು. ಅರುವತ್ತು ಚಿಲ್ಲರೆ ಹಾಳೆಗಳನ್ನು ಒಂದು ಟವೆಲಿನಲ್ಲಿ ಸುತ್ತಿ ನನ್ನ ಕೈಯಲ್ಲಿ ಕೊಟ್ಟರು.

“ಗಟ್ಟಿ ಮಾಡಿ ಕಟ್ಟಿ ಕೊಡು. ಆದರೆ ಒಂದು ಉಂಟು. ಬೆನ್ನು ನನ್ನದು. ಬೆನ್ನಿಗೆ ನೀನು ಎಂತದೂ ಮಾಡಬೇಡ, ಗೊತ್ತಾಯ್ತಾ?”

“ಗೊತ್ತಾಯ್ತು ಮೇಡಂ. ಖಾಲಿ ಬಿಡುತ್ತೇನೆ.”

“ಖಾಲಿ ಎಂತ ಬಿಡುವುದು? ಇದ್ದ ಹಾಗೆ ಬಿಡು.”

ಬೆನ್ನಿನ ಮೇಲೆ ಹೆಸರು ಅವರೇ ಬರೆಯುತ್ತಾರೆ ಎಂದು ನಾನು ತಿಳಿದುಕೊಂಡೆ. ಕಾಲೇಜಿನವರು ತಾನೆ. ಬೆನ್ನಿಗೆ ಹೆಸರು ಬರೆಯುವ ನಮ್ಮ ಪ್ರೆಸ್ಸಿನ ಪೈಂಟರನ ಅಕ್ಷರ ಅವರಿಗೆ ಹಿಡಿಸುವುದಿಲ್ಲ ಎಂದುಕೊಂಡೆ.

ಹಾಳೆಗಳ ಒಂದು ಬದಿಯಲ್ಲಿ ನೀಲಿ ಶಾಯಿಯ ಬರಹ, ದೊಡ್ಡ ಅಕ್ಷರ. ತಿರುಗಿಸಿದರೆ ಪೆನ್ಸಿಲಿನಲ್ಲಿ ಇರುವೆಯಷ್ಟು ಸಣ್ಣ ಅಕ್ಷರ. ನಾನು ಶಾಲೆಯಲ್ಲಿ ಕಲಿತ ನಾಲ್ಕು ವಿಷಯಗಳಲ್ಲಿ ಒಂದು, ಪೆನ್ಸಿಲಿನಲ್ಲಿ ಬರೆದದ್ದು ರಫ್ ಎಂಬುದು. ಬಡಕಲು ಹಾಳೆ ಬಂದರೆ ಹಿಂದಿನಿಂದ ಇನ್ನೊಂದು ಗಟ್ಟಿ ಕಾಗದ ಅಂಟಿಸುವುದು ನಮ್ಮ ಕೆಲಸದಲ್ಲಿ ಮಾಮೂಲು. ಮೈದಾ ಕುದಿಸಿ, ಹುಳ ತಿನ್ನದ ಹಾಗೆ ಸ್ವಲ್ಪ ಮೈಲುತುತ್ತು ಹಾಕಿ ಅಂಟು ಮಾಡಿದೆ. ಒಂದೊಂದೇ ಹಾಳೆಯನ್ನು ಕವುಚಿ ಹಾಕಿ, ಪೆನ್ಸಿಲಿನ ಬದಿಗೆ ಅಂಟು ಬಳಿದು, ಬಿಳಿ ಕಾಗದ ಕೂರಿಸಿದೆ. ಒಂದೇ ಒಂದು ಸುಕ್ಕು ಬರಲಿಲ್ಲ. ಹೊಲಿದು, ರಟ್ಟು ಹಾಕಿ ಕರಿಯ ಕ್ಯಾಲಿಕೋ ಬಟ್ಟೆ ಏರಿಸಿದೆ. ಬೆನ್ನಿನ ಮೇಲೆ ಒಂದು ಚುಕ್ಕೆಯನ್ನೂ ಇಡಲಿಲ್ಲ. ಅಷ್ಟು ಚಂದದ ಕೆಲಸ ನಾನು ಅದಕ್ಕಿಂತ ಮೊದಲು ಮಾಡಿರಲಿಲ್ಲ.

ಶನಿವಾರಕ್ಕೆ ಆರು ದಿನ ಇರುವಾಗ, ಭಾನುವಾರ ಬೆಳಿಗ್ಗೆ ತೆಗೆದುಕೊಂಡು ಹೋಗಿ ಮೇಡಂ ಮುಂದೆ ಇಟ್ಟೆ.

“ನೋಡಿ ಮೇಡಂ, ಬೆನ್ನು ನೀವು ಹೇಳಿದ ಹಾಗೆ ಮುಟ್ಟಲಿಲ್ಲ.”

ಅವರು ರಟ್ಟು ತೆರೆದರು. ಮೊದಲ ಹಾಳೆ ತಿರುಗಿಸಿದರು. ಹಿಂದೆ ಬಿಳಿ. ಇನ್ನೊಂದು ತಿರುಗಿಸಿದರು. ಅದೂ ಬಿಳಿ. ಕೊನೆಯವರೆಗೆ ತಿರುಗಿಸಿ, ಪುನಃ ಮೊದಲಿಂದ ತಿರುಗಿಸಿದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಒಳಗೆ ಹೋಗಿ ಒಂದು ಲೋಟ ನೀರು ತಂದು ನನಗೆ ಕೊಟ್ಟರು. ನಾನು ಕೇಳಿರಲಿಲ್ಲ.

“ಇಲ್ಲಿ ಬರೆದದ್ದು ಇತ್ತಲ್ಲ ಮಾರಾಯ.”

“ಆ ಪೆನ್ಸಿಲಿನದ್ದಾ? ಅದು ರಫ್ ಅಲ್ವಾ?”

ಈಸಿಚೇರಿನಿಂದ ಸರ್ ಕೊಂಕಣಿಯಲ್ಲಿ ಏನೋ ಕೇಳಿದರು. ಮೇಡಂ ಎರಡು ಮಾತಿನಲ್ಲಿ ಹೇಳಿದರು. ಸರ್ ಚೇರಿನಲ್ಲಿ ನೆಟ್ಟಗೆ ಕುಳಿತರು.

ಆಗ ಗೊತ್ತಾದದ್ದು. ಕೊಂಕಣಿಯಲ್ಲಿ ‘ಪಾಟ್’ ಎಂದರೆ ಮನುಷ್ಯನ ಬೆನ್ನು. ಹಾಳೆಯ ಹಿಂಬದಿಗೂ ಆ ಮನೆಯಲ್ಲಿ ಅದೇ ಮಾತು. ಮೇಡಂ ಅದನ್ನು ಹಾಗೆಯೇ ಕನ್ನಡಕ್ಕೆ ಹಾಕಿ ನನಗೆ ‘ಬೆನ್ನು’ ಎಂದಿದ್ದರು. ಪೆನ್ಸಿಲಿನ ಬರಹವೆಲ್ಲ ಮೇಡಂದು. ಕಾಪುವಿನಲ್ಲಿ ಮೀನು ಮಾರುವ ಹೆಂಗಸರ ಹತ್ತಿರ ಕುಳಿತು ಅವರ ಮಾತನ್ನು ಬರೆದುಕೊಂಡದ್ದು. ನೀರು ಕದಡಿದರೆ ಏನು ಹೇಳುತ್ತಾರೆ, ಬೂತಾಯಿ ಮೀನು ಹಳತಾದರೆ ಏನು ಹೇಳುತ್ತಾರೆ, ಗಂಡ ಕಡಲಿಗೆ ಹೋದ ಮೇಲೆ ಯಾವ ಮಾತು ಬಾಯಲ್ಲಿ ತರುವುದಿಲ್ಲ, ಅಂಥದ್ದು. ನಾನು ಕಟ್ಟಿಕೊಟ್ಟ ಮೇಲೆ, ಹಾಳೆ ತಿರುಗಿಸುವಷ್ಟು ಗಟ್ಟಿಯಾದ ಮೇಲೆ, ತಮ್ಮದನ್ನು ಬೇರೆ ಪುಸ್ತಕಕ್ಕೆ ಇಳಿಸಿ, ಆಮೇಲೆ ಸರ್‌ದನ್ನು ಕಳುಹಿಸುವುದು ಎಂದು ಲೆಕ್ಕ ಹಾಕಿದ್ದರು.

“ಆ ಮಾತೆಲ್ಲ ನಮ್ಮ ಊರಲ್ಲಿ ಎಲ್ಲರಿಗೂ ಗೊತ್ತುಂಟು ಮೇಡಂ. ಪುನಃ ಕೇಳಿ ಬರೆದರೆ ಆಯಿತು,” ಎಂದೆ.

“ನಿನಗೆ ಗೊತ್ತುಂಟಾ?”

ಅವರು ಒಂದು ಮಾತು ಹೇಳಿ ಅರ್ಥ ಕೇಳಿದರು. ನನಗೆ ಗೊತ್ತಿರಲಿಲ್ಲ. ಇನ್ನೊಂದು ಹೇಳಿದರು. ಅದನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದೆ, ಅರ್ಥ ಗೊತ್ತಿರಲಿಲ್ಲ. ಅಜ್ಜಿ ಸತ್ತು ಮೂರು ವರ್ಷ ಆಗಿತ್ತು.

“ನನಗೆ ಹೇಳಿದವರಲ್ಲಿ ಈಗ ಒಬ್ಬರೇ ಇರುವುದು. ಅವರಿಗೂ ಕಿವಿ ಕೇಳುವುದಿಲ್ಲ,” ಎಂದರು ಮೇಡಂ.

ಮೈದಾ ಅಂಟು ಕಬ್ಬಿಣ ಅಲ್ಲ. ನೀರಿನಲ್ಲಿ ನೆನೆಸಿದರೆ ಬಿಡುತ್ತದೆ. ಪೆನ್ಸಿಲಿಗೆ ನೀರಿನಿಂದ ಏನೂ ಆಗುವುದಿಲ್ಲ. ಅದನ್ನು ಹೇಳಿದೆ. ಮೇಡಂ ಮುಖ ಸ್ವಲ್ಪ ತಿಳಿಯಾಯಿತು.

“ಆದರೆ ಸರ್‌ದು ಹೋಗುತ್ತದೆ. ನೀಲಿ ಶಾಯಿ ನಿಲ್ಲುವುದಿಲ್ಲ,” ಎಂದೆ.

ಅಲ್ಲಿಂದ ಶುರುವಾಯಿತು. ಸರ್ ನೆನೆಸು ಎಂದರು. ಮೇಡಂ ಬೇಡ ಎಂದರು. ಸರ್ ಹೇಳುವುದು, ಕಲ್ಲು ಕಾರ್ಕಳದಲ್ಲಿ ಉಂಟು, ಎದ್ದು ಹೋಗುವುದಿಲ್ಲ. ಮೇಡಂ ಹೇಳುವುದು, ಎರಡು ಕಲ್ಲುಗಳನ್ನು ಒಡೆದು ಮೋರಿಗೆ ಹಾಕಿ ಆಯಿತು, ನೀವು ಕುರುಡುಗಣ್ಣಿನಲ್ಲಿ ಮೋರಿಗೆ ಇಳಿದು ಓದುತ್ತೀರಾ. ಆಮೇಲೆ ಕೊಂಕಣಿಗೆ ಹೋದರು. ಮಧ್ಯೆ ಮಧ್ಯೆ ಇಂಗ್ಲಿಷ್. ಜಗಳವೋ ಅಲ್ಲವೋ ಗೊತ್ತಾಗಲಿಲ್ಲ. ಇಬ್ಬರೂ ತನ್ನದು ಹೋದರೆ ಪರವಾಗಿಲ್ಲ ಎನ್ನುತ್ತಿದ್ದರು, ಆದರೆ ಇಬ್ಬರ ಮುಖದಲ್ಲಿಯೂ ಕೋಪ. ಅರ್ಧ ಗಂಟೆ ನಿಂತೇ ಇದ್ದೆ. ಕಾಲು ನೋಯಲು ಶುರುವಾಯಿತು.

“ಸರ್‌ದು ನೋಡಿ ಬರೆದುಕೊಳ್ಳಿ. ಆಮೇಲೆ ನೆನೆಸುವ. ಅದಕ್ಕೆ ಎಂತ ಇಷ್ಟು?” ಎಂದೆ.

ಸರ್ ಬಟ್ಟೆ ಕಟ್ಟಿದ ಕಣ್ಣನ್ನು ನನ್ನ ಕಡೆ ತಿರುಗಿಸಿ ನಗಲು ಶುರು ಮಾಡಿದರು.

“ನೀನು ಎಷ್ಟನೇ ಕ್ಲಾಸು?”

“ಐದು.”

“ಸಾಕು ಮಾರಾಯ. ಮುಂದೆ ಓದಬೇಡ.”

ಮೇಡಂ ಕಾಲೇಜಿಗೆ ರಜೆ ಹಾಕಿದರು. ಸರ್‌ಗೆ ಕಣ್ಣು ಕಾಣದ ಕಾರಣ ಬರೆಯುವುದು ಮೇಡಂ. ನಾನೂ ಪ್ರೆಸ್ಸಿನಿಂದ ಮಧ್ಯಾಹ್ನ ತಪ್ಪಿಸಿಕೊಂಡು ದಿನಾ ಹೋದೆ, ಕೆಡಿಸಿದವನು ನಾನಲ್ಲವಾ. ಮೇಡಂ ಗಟ್ಟಿಯಾಗಿ ಓದುತ್ತಾ ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದು, ಸರ್ ಕಣ್ಣು ಮುಚ್ಚಿಕೊಂಡು ಹೂಂ ಎನ್ನುವುದು ಅಥವಾ ತಡೆಯುವುದು. ಅಕ್ಷರ ಕನ್ನಡವೇ, ಆದರೆ ಕಿವಿಗೆ ಬಿದ್ದದ್ದರಲ್ಲಿ ಒಂದು ಸಾಲೂ ನನಗೆ ತಿಳಿಯಲಿಲ್ಲ. ಯಾರೋ ಯಾರಿಗೋ ಗದ್ದೆ ಕೊಟ್ಟದ್ದು ಎಂದು ಸರ್ ಹೇಳಿದರು. ಅದನ್ನು ಹೇಳಲು ಅಷ್ಟು ಉದ್ದ ಯಾಕೆ ಬೇಕೋ.

ಬರೆದು ಮುಗಿದ ಹಾಳೆಯನ್ನು ನಾನು ಹೊಲಿಗೆಯಿಂದ ಬಿಡಿಸಿ ಅಲ್ಯೂಮಿನಿಯಂ ತಟ್ಟೆಯ ನೀರಿನಲ್ಲಿ ಹಾಕುವುದು. ಮೊದಲ ಹಾಳೆ ಹಾಕಿದಾಗ ನೀರು ನೀಲಿಯಾಯಿತು. ಮೇಡಂ ಕಿಟಕಿಯ ಕಡೆ ನೋಡಿದರು.

“ಹೋಯಿತಾ?” ಎಂದು ಸರ್ ಕೇಳಿದರು.

“ಹೋಯಿತು,” ಎಂದೆ.

“ಅವಳದ್ದು?”

ಬಿಳಿ ಕಾಗದವನ್ನು ಮೂಲೆಯಿಂದ ಮೆಲ್ಲಗೆ ಎತ್ತಿದೆ. ಲೋಳೆಯ ಅಡಿಯಲ್ಲಿ ಸಣ್ಣ ಪೆನ್ಸಿಲ್ ಅಕ್ಷರ ಹಾಗೆಯೇ ಇತ್ತು. ಆಗ ಮೇಡಂ ನನಗೆ ಬೈಯಲು ಶುರು ಮಾಡಿದರು. ತಲೆ ಉಂಟಾ ನಿನಗೆ, ಕಣ್ಣು ಉಂಟಾ, ಬರೆದದ್ದರ ಮೇಲೆ ಹಿಟ್ಟು ಬಳಿಯುವವನು ಬೈಂಡರನಾ, ದೋಸೆ ಹೊಯ್ಯುವವನಾ. ಹಾಳಾದ ದಿನ ಬೈಯಲಿಲ್ಲ, ಸರಿಯಾದ ಮೇಲೆ ಬೈದರು. ನಾನು ಎರಡನೇ ಹಾಳೆ ನೀರಿಗೆ ಹಾಕಿದೆ.

ಎಲ್ಲವೂ ಉಳಿಯಲಿಲ್ಲ. ನಾಲ್ಕು ಹಾಳೆಗಳು ನೀರಿನಲ್ಲಿ ಹರಿದುಹೋದವು. ಕೆಲವುಗಳಲ್ಲಿ ಎರಡೆರಡು ಸಾಲು ಬಿಳಿ ಕಾಗದಕ್ಕೆ ಅಂಟಿಕೊಂಡು ಬಂದವು. ಅದನ್ನು ಮೇಡಂ ಕನ್ನಡಿ ಹಿಡಿದು ಓದಿದರು. ಉಳಿದವನ್ನು ಬಟ್ಟೆ ಒಣಗಿಸುವ ಹಗ್ಗಕ್ಕೆ ಸಿಕ್ಕಿಸಿದೆವು.

ಅಂಟಿಸಿದ ಬೇಜಾರು ನನಗೂ ಇತ್ತು. ಅದಕ್ಕೇ ಕೇಳಿದೆ. “ನಿಮ್ಮದು ಯಾಕೆ ಮೇಡಂ ಹಿಂದಿನ ಬದಿಯಲ್ಲಿ? ಬೇರೆ ಕಾಗದ ಇರಲಿಲ್ಲವಾ?”

“ಆಗ ಎಲ್ಲಿಯ ಕಾಗದ? ಇವರಿಗೆ ಕಾಲೇಜಿನಿಂದ ಸಿಗುತ್ತಿತ್ತು. ಇವರು ಬರೆದು ಬಿಟ್ಟದ್ದರ ಹಿಂದೆ ನಾನು ಬರೆದದ್ದು.”

“ಸುಳ್ಳು,” ಎಂದರು ಸರ್. “ಅವಳು ಬರೆದು ಇಟ್ಟದ್ದರ ಹಿಂದೆ ನಾನು ಬರೆದದ್ದು. ಕಾಪುವಿನಿಂದ ಬರುವಾಗ ಅವಳ ಚೀಲದಲ್ಲಿ ಯಾವಾಗಲೂ ಹಾಳೆ ಇರುತ್ತಿತ್ತು. ಮೀನಿನ ವಾಸನೆ.”

“ನಿಮಗೆ ಮರೆತುಹೋಗಿದೆ.”

“ನಿನಗೆ ಮರೆತುಹೋಗಿದೆ.”

ಆಮೇಲೆ ಇಬ್ಬರೂ ನನ್ನನ್ನು ಕೇಳಿದರು, ಯಾವುದು ಮುಂದಿನ ಬದಿ, ಕಾಗದ ನೋಡಿ ನಿನಗೆ ಗೊತ್ತಾಗುತ್ತದಾ ಎಂದು. ಹಗ್ಗದಲ್ಲಿದ್ದ ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಒಂದರಲ್ಲಿ ಆಚೆ ಬದಿಯಿಂದ ಇಳಿದ ಶಾಯಿಯ ಕಲೆ ಪೆನ್ಸಿಲಿನ ಮೇಲೆ ಹರಡಿದ ಹಾಗೆ ಕಂಡಿತು, ಪೆನ್ಸಿಲ್ ಮೊದಲು ಎನ್ನುವ ಹಾಗೆ. ಇನ್ನೊಂದರಲ್ಲಿ ಕಲೆ ಬಂದ ಜಾಗವನ್ನು ತಪ್ಪಿಸಿ ಪೆನ್ಸಿಲ್ ದಾಟಿಕೊಂಡು ಹೋಗಿತ್ತು, ಶಾಯಿ ಮೊದಲು ಎನ್ನುವ ಹಾಗೆ. “ನನಗೆ ಗೊತ್ತಾಗುವುದಿಲ್ಲ,” ಎಂದೆ. ನಿಜಕ್ಕೂ ಗೊತ್ತಾಗಲಿಲ್ಲ.

ಗುರುವಾರ ಒಣಗಿದ ಹಾಳೆಗಳನ್ನು ಪುನಃ ಕಟ್ಟಬೇಕಾಯಿತು. ನೀರಿಗೆ ಬಿದ್ದು ಮೊದಲಿಗಿಂತ ಬಡಕಲಾಗಿದ್ದವು. ಹಿಂದೆ ಕಾಗದ ಅಂಟಿಸದೆ ನಿಲ್ಲುವುದಿಲ್ಲ. ಈ ಸಲ ಕೇಳಿಯೇ ಮಾಡುವುದು ಎಂದು ಸರ್ ಹತ್ತಿರ ಹೋದೆ.

“ಸರ್, ನಿಮ್ಮ ಬದಿಗೆ ಅಂಟು ಹಾಕಲಾ? ನೀಲಿ ಕಲೆ ಮಾತ್ರ ಉಂಟು ಅಲ್ಲಿ.”

“ಹಾಕು ಮಾರಾಯ. ಈಗ ಬೆನ್ನು ನನ್ನದು.”

ಹಾಕಿದೆ. ಮೊದಲ ಸಲ ಹೊಲಿಗೆಗೆ ಸರ್ ಬದಿಯ ಎಡಗಡೆ ಹಿಡಿದಿದ್ದೆ. ಈಗ ಹಾಳೆ ಮಗುಚಿದ ಮೇಲೆ ಮೇಡಂ ಬದಿಯ ಎಡಗಡೆ ಹಿಡಿದೆ. ಪುಟದ ಸಂಖ್ಯೆಯೂ ಅವರದ್ದೇ. ಹಳೆಯ ರಟ್ಟು, ಹಳೆಯ ಕ್ಯಾಲಿಕೋ.

ಶನಿವಾರ ಗ್ರಂಥಾಲಯದಿಂದ ಒಬ್ಬರು ಬಂದರು. ಒಳ್ಳೆಯ ಮನುಷ್ಯ, ಬಾಳೆಹಣ್ಣು ತಂದಿದ್ದರು. ಮೇಡಂ ಬರೆದ ನೋಟ್‌ಬುಕ್ ನೋಡಿ, “ಇದು ಮೇಡಂ ಅಕ್ಷರ ಅಲ್ವಾ? ಸರ್ ಕೈಬರಹದ ಮೂಲ ಇದ್ದರೆ ಒಳ್ಳೆಯದಿತ್ತು,” ಎಂದರು.

“ಮೂಲ ಅದರಲ್ಲಿ ಉಂಟು. ಅಂಟಿನ ಅಡಿಯಲ್ಲಿ,” ಎಂದು ಸರ್ ನಾನು ಕಟ್ಟಿದ ಪುಸ್ತಕದ ಕಡೆ ಕೈ ತೋರಿಸಿದರು.

ಬಂದವರು ತೆರೆದು ನೋಡಿದರು. “ಇದು ಉಲ್ಟಾ ಕಟ್ಟಿದ್ದಾರೆ, ಸರ್. ಹಿಂಬದಿ ಮುಂದೆ ಬಂದಿದೆ.”

“ಉಲ್ಟಾ ಅಲ್ಲ. ಇದೇ ಮುಂದಿನ ಬದಿ,” ಎಂದೆ. ಯಾಕೆ ಅಷ್ಟು ಗಟ್ಟಿಯಾಗಿ ಹೇಳಿದೆನೋ. ಎರಡು ಮೂರು ದಿನ ಮೊದಲು ಗೊತ್ತಿಲ್ಲ ಎಂದವನು ನಾನೇ.

ಗ್ರಂಥಾಲಯದವರು ಚೀಲದಿಂದ ರಿಜಿಸ್ಟರ್ ತೆಗೆದರು. ನೋಟ್‌ಬುಕ್ಕಿಗೂ ಈ ಪುಸ್ತಕಕ್ಕೂ ಸರ್ ಹೆಸರು ಬರೆಯಲು ಹೊರಟರು. ಇಬ್ಬರ ಹೆಸರನ್ನೂ ಬರೆಯಿರಿ ಎಂದು ಸರ್ ಹೇಳಿದರು. ರಿಜಿಸ್ಟರಿನಲ್ಲಿ ಒಂದು ಪುಸ್ತಕಕ್ಕೆ ಒಂದೇ ಹೆಸರು, ಅದಕ್ಕೆ ಒಂದೇ ಗೀಟು ಎಂದು ಅವರು ತೋರಿಸಿದರು. ಗೀಟು ನಿಜಕ್ಕೂ ಒಂದೇ ಇತ್ತು.

ಮೇಡಂ ಪುಸ್ತಕವನ್ನು ಅವರ ಕೈಯಿಂದ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. “ನೋಟ್‌ಬುಕ್ ಕೊಂಡುಹೋಗಿ. ಇದು ಬರುವುದಿಲ್ಲ.”

ಅವರು ಚಹಾ ಕುಡಿದು ನೋಟ್‌ಬುಕ್ ತೆಗೆದುಕೊಂಡು ಹೋದರು. ಮೇಡಂ ಅಕ್ಷರದ ನೋಟ್‌ಬುಕ್, ಸರ್ ಹೆಸರಿನಲ್ಲಿ.

ನಾನು ಎದ್ದಾಗ ಮೇಡಂ ಪುಸ್ತಕವನ್ನು ನನ್ನ ಮುಂದೆ ಇಟ್ಟರು. ಬೇಕಾದೀತು ಎಂದು ಪೈಂಟರನಿಂದ ತಂದ ಬಿಳಿ ಬಣ್ಣದ ಸಣ್ಣ ಡಬ್ಬವೂ ಬ್ರಷ್ಷೂ ನನ್ನ ಚೀಲದಲ್ಲಿ ಇದ್ದವು.

“ಬೆನ್ನಿನ ಮೇಲೆ ಬರಿ. ನಿಮ್ಮ ಬೈಂಡಿಂಗಿನವರ ಬೆನ್ನು, ನಮ್ಮದಲ್ಲ.”

“ನನ್ನ ಅಕ್ಷರ ಚಂದ ಇಲ್ಲ ಮೇಡಂ. ನೀವೇ ಬರೆಯಿರಿ.”

“ಈ ವಾರ ಬರೆದು ಬರೆದು ನನ್ನ ಕೈ ಹೋಗಿದೆ. ಬರಿ.”

“ಎಂತ ಬರೆಯುವುದು? ಯಾರ ಹೆಸರು?”

ಮೇಡಂ ಸರ್ ಕಡೆ ನೋಡಿದರು. ಸರ್‌ಗೆ ಅದು ಕಾಣುವುದಿಲ್ಲ.

“ಕಾಪು ಎಂದು ಬರಿ. ನಿನ್ನ ಊರು ತಾನೆ, ತಪ್ಪುವುದಿಲ್ಲ.”

ಎರಡು ಅಕ್ಷರ. ಪುಸ್ತಕವನ್ನು ಮಂಡಿಯ ನಡುವೆ ಹಿಡಿದು ಬರೆದೆ. ‘ಪು’ವಿನ ಕೊಂಬು ಸ್ವಲ್ಪ ಕೆಳಗೆ ಇಳಿಯಿತು. ಒರೆಸಲು ಹೋದೆ. ಮೇಡಂ ಬೇಡ ಎಂದರು.