ಮೇಣದಬತ್ತಿ ಆರಿದ ಮೇಲೆ

ಆಗಷ್ಟೇ ಆರಿದ ಮೇಣದಬತ್ತಿಯ ಹೊಗೆಗೆ ಒಂದು ವಾಸನೆಯಿದೆ. ಹುಟ್ಟುಹಬ್ಬದ ಮನೆಗಳಲ್ಲಿ ಅದು ಬಂತೆಂದರೆ ಮಕ್ಕಳ ಬಾಯಲ್ಲಿ ನೀರೂರುತ್ತದೆ, ಇನ್ನೇನು ಕೇಕು ಸಿಗುತ್ತದಲ್ಲ. ನನಗೆ ಮಾತ್ರ ಕಿವಿ ಬಿಸಿಯಾಗುತ್ತದೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ತಾಳಿ.

ಬಸವೇಶ್ವರನಗರದಲ್ಲಿ ನಮ್ಮ ಮನೆಯ ಮಹಡಿಗೆ ಹೋದ ತಿಂಗಳಷ್ಟೇ ಬಾಡಿಗೆಗೆ ಬಂದ ನವೀನನ ಮಗಳಿಗೆ ಮೊನ್ನೆ ಐದು ತುಂಬಿತು. ನಾನು ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನವೀನ ನನ್ನ ಹಳೆಯ ವಿದ್ಯಾರ್ಥಿ. ಹೊಟ್ಟೆ ಬಂದು ತಲೆಗೂದಲು ಹೋಗುತ್ತಿದ್ದರೂ ನನ್ನನ್ನು ಕಂಡರೆ ಈಗಲೂ ಕೈಕಟ್ಟಿ ನಿಲ್ಲುತ್ತಾನೆ. ಕೇಕು ಕತ್ತರಿಸಿದ ಮೇಲೆ ಅವನಿಗೆ ಅದೇನು ಹುಮ್ಮಸ್ಸು ಬಂತೋ, ತಟ್ಟೆಗೆ ನೀರು ಸುರಿದು, ನಡುವೆ ಮೇಣದಬತ್ತಿ ಹಚ್ಚಿಟ್ಟು, ಅದರ ಮೇಲೊಂದು ಗಾಜಿನ ಲೋಟ ಬೋರಲು ಹಾಕಿದ. ಬತ್ತಿ ಆರಿತು. ನೀರು ಲೋಟದೊಳಗೆ ಏರಿತು. ಮಕ್ಕಳೆಲ್ಲ ಹೋ ಎಂದವು.

“ಒಳಗಿದ್ದ ಆಕ್ಸಿಜನ್ ಖಾಲಿ ಆಯ್ತು ಪುಟ್ಟಿ, ಆ ಜಾಗಕ್ಕೆ ನೀರು ಬಂತು. ಕರೆಕ್ಟಾಗಿ ಐದರಲ್ಲಿ ಒಂದು ಪಾಲು! ನಮ್ಮ ಮಿಸ್ಸೇ ಹೇಳ್ಕೊಟ್ಟಿದ್ದು,” ಎಂದು ನನ್ನ ಕಡೆ ಹೆಮ್ಮೆಯಿಂದ ತಿರುಗಿದ.

ಹೌದು, ನಾನೇ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೇಳಿಕೊಟ್ಟಿದ್ದೇನೆ, ಬರೆದವರಿಗೆಲ್ಲ ಪೂರ್ತಿ ಅಂಕ ಕೊಟ್ಟಿದ್ದೇನೆ. ಅದು ತಪ್ಪು. ತಪ್ಪೆಂದು ತೋರಿಸಿಕೊಟ್ಟವಳು ಒಂಬತ್ತನೇ ಕ್ಲಾಸಿನ ಸಿಂಚನಾ.

ಮೂರು ವರ್ಷದ ಹಿಂದಿನ ಮಾತು. ಶಾಲಾ ಮಕ್ಕಳು ಮೂರು ನಿಮಿಷದ ವಿಜ್ಞಾನದ ವಿಡಿಯೊ ಮಾಡಿ ಕಳಿಸಬೇಕು, ಚೆನ್ನಾಗಿದ್ದರೆ ಬಹುಮಾನ ಎಂದು ಒಂದು ಸ್ಪರ್ಧೆಯ ಕಾಗದ ಬಂತು. ನನಗೆ ಮೈ ಉರಿಯಿತು. ಮಕ್ಕಳ ಬ್ಯಾಗಿನಿಂದ ಮೊಬೈಲು ಕಿತ್ತು ಮೇಜಿನ ಡ್ರಾಯರಿಗೆ ಹಾಕುವುದರಲ್ಲಿ ಶಾಲೆಗೇ ಹೆಸರಾಗಿದ್ದವಳು ನಾನು. ಈಗ ನಾನೇ ನಿಂತು “ನಾಳೆ ಯಾರಾದ್ರೂ ಮೊಬೈಲ್ ತಗೊಂಡು ಬನ್ನಿ” ಅನ್ನಬೇಕು! ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಭೌತಶಾಸ್ತ್ರಕ್ಕೆ ಯಾವತ್ತೂ ಬೀಳದ ಚಪ್ಪಾಳೆ.

ಕೈ ಎತ್ತಿದವಳು ಸಿಂಚನಾ. ಹಾಜರಿ ಕೂಗಿದರೂ ಕೇಳಿಸದಷ್ಟು ಮೆಲ್ಲಗೆ ಉತ್ತರಿಸುವ ಹುಡುಗಿ. ವಿಜಯನಗರದಲ್ಲಿ ಬ್ಲೌಸ್ ಹೊಲಿಯುವ ಅವಳಮ್ಮ ತಮ್ಮ ಫೋನನ್ನು ದಿನಕ್ಕೊಂದು ಗಂಟೆ ಕೊಡಲು ಒಪ್ಪಿದರು. ನಾನು “ಪ್ರಿಯ ವೀಕ್ಷಕರೇ” ಎಂದು ಶುರುವಾಗುವ ಎರಡು ಪುಟದ ಭಾಷಣ ಬರೆದುಕೊಟ್ಟೆ. ಪ್ರಯೋಗ ಯಾವುದು? ಇದೇ ಮೇಣದಬತ್ತಿಯದು. ಕಣ್ಣು ಮುಚ್ಚಿಕೊಂಡು ಮಾಡಬಲ್ಲೆ ಎನ್ನುವಷ್ಟು ಧೈರ್ಯ ನನಗೆ.

ಲ್ಯಾಬಿನ ಮೇಜಿನ ಮೇಲೆ ಅವಳ ಟಿಫನ್ ಡಬ್ಬಿಗೆ ರಬ್ಬರ್ ಬ್ಯಾಂಡಿನಿಂದ ಫೋನು ಕಟ್ಟಿ ಶೂಟಿಂಗ್ ಮುಗಿಸಿದೆವು. ಮಾರನೆಯ ದಿನ ಸಿಂಚನಾ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು.

“ಮಿಸ್, ಬತ್ತಿ ಉರೀತಿರೋವಾಗ ನೀರು ಏರ್ತಾನೇ ಇಲ್ಲ. ಆರಿದ ಮೇಲೆ ಏರ್ತಿದೆ.”

“ಏರತ್ತೆ ಕಣೇ, ಸರಿಯಾಗಿ ನೋಡು.”

“ಸ್ಲೋ ಮಾಡಿ ನೋಡ್ದೆ ಮಿಸ್. ಮೊದಲು ಲೋಟದ ಅಂಚಿಂದ ಗುಳ್ಳೆ ಆಚೆ ಬರತ್ತೆ.”

ತೋರಿಸಿದಳು. ನಿಧಾನವಾಗಿ ಓಡುತ್ತಿದ್ದ ಚಿತ್ರದಲ್ಲಿ ಗುಳ್ಳೆಗಳು ಒಂದೊಂದಾಗಿ ಹೊರಬಂದವು. ಬತ್ತಿ ಆರಿತು. ಆಮೇಲೆ ನೀರು ಸರಸರನೆ ಮೇಲೇರಿತು. ಆಕ್ಸಿಜನ್ ಖಾಲಿಯಾದಷ್ಟೂ ನೀರು ಬರುವುದಾದರೆ ಉರಿಯುವಾಗಲೇ ಬರಬೇಕಿತ್ತು. ನಿಜ ಸಂಗತಿ ಸರಳ: ಉರಿಯ ಬಿಸಿಗೆ ಗಾಳಿ ಹಿಗ್ಗಿ ಒಂದಷ್ಟು ಹೊರಗೆ ಹೋಗುತ್ತದೆ, ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿ ನೀರನ್ನು ಒಳಗೆ ನೂಕುತ್ತದೆ.

ಇಷ್ಟು ವರ್ಷ ನನಗೇಕೆ ಕಾಣಲಿಲ್ಲ? ಆ ವಿಡಿಯೊದ ಮೂಲೆಯಲ್ಲೇ ಉತ್ತರವಿತ್ತು. ಲೋಟ ಮುಚ್ಚಿದ ಕೂಡಲೇ ನಾನು ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ತೀರ್ಮಾನ ಬರೆಯುತ್ತಿದ್ದೆ! ಪ್ರತಿ ವರ್ಷವೂ ಹಾಗೆಯೇ ಮಾಡಿದ್ದೆ. ನಾನು ಬರೆಯುತ್ತಿದ್ದೆ, ಮಕ್ಕಳು ನೋಡಿ ಬರೆದುಕೊಳ್ಳುತ್ತಿದ್ದರು, ಮೇಜಿನ ಮೇಲೆ ಪ್ರಯೋಗ ಪಾಪ ಒಬ್ಬಂಟಿಯಾಗಿ ನಡೆಯುತ್ತಿತ್ತು.

ಆದರೂ ನನ್ನ ಬಾಯಿಂದ ಬಂದದ್ದೇನು ಗೊತ್ತೇ? “ಆ ಭಾಗ ಕಟ್ ಮಾಡ್ಬಿಡು.”

ಹಾಜರಿಗೂ ದನಿ ಎತ್ತದ ಹುಡುಗಿ ನನ್ನ ಮುಖ ನೋಡಿ ಹೇಳಿದಳು: “ಕಟ್ ಮಾಡಿದ್ರೆ ಅದು ರೀಲ್ಸ್ ಆಗತ್ತೆ ಮಿಸ್. ಪ್ರಯೋಗ ಆಗಲ್ಲ.”

ಎರಡು ದಿನ ಅವಳೊಂದಿಗೆ ಮಾತಾಡಲಿಲ್ಲ. ನಾಚಿಕೆಯಾಗುತ್ತದೆ ಹೇಳಲು, ಹದಿನಾಲ್ಕು ವರ್ಷದ ಹುಡುಗಿಯ ಮೇಲೆ ಮುನಿಸು. ಮನೆಯಲ್ಲಿ ಪಾಯಸದ ಗಾಜಿನ ಲೋಟ ಹಿಡಿದು ಆರು ಸಲ ಮಾಡಿ ನೋಡಿದೆ. ಆರು ಸಲವೂ ಸಿಂಚನಾಳೇ ಗೆದ್ದಳು. ಮೂರನೆಯ ದಿನ ನಾನೇ ಅವಳನ್ನು ಕರೆದು, “ನನ್ನೂ ಸೇರಿಸ್ಕೋ, ನಾನೂ ಮಾತಾಡ್ತೀನಿ” ಎಂದೆ. ಕ್ಯಾಮೆರಾ ಮುಂದೆ “ನಾನು ಇದನ್ನು ತಪ್ಪಾಗಿ ಕಲಿಸುತ್ತಿದ್ದೆ” ಎಂಬ ಒಂದೇ ವಾಕ್ಯಕ್ಕೆ ಏಳು ಟೇಕು ಬೇಕಾಯಿತು. ಪ್ರತಿ ಸಲವೂ ಪಾಠ ಶುರು ಮಾಡಿಬಿಡುತ್ತಿದ್ದೆ. ಕೊನೆಗೆ ಸಿಂಚನಾಳೇ ಗದರಿದಳು: “ಮಿಸ್, ಅಷ್ಟೇ ಸಾಕು, ನಿಲ್ಲಿಸಿ!”

ಬಹುಮಾನ ಬರಲಿಲ್ಲ. ಹಿನ್ನೆಲೆಗೆ ಸಂಗೀತ ಹಾಕಿ ಜ್ವಾಲಾಮುಖಿ ಉಕ್ಕಿಸಿದವರಿಗೆ ಹೋಯಿತು. ಅವಳು ನಕ್ಕು ಸುಮ್ಮನಾದಳು, ಒಂದು ವಾರ ಗೊಣಗಿದವಳು ನಾನು. ಆದರೆ ಅಂದಿನಿಂದ ನನ್ನ ತರಗತಿಯಲ್ಲಿ ಮಕ್ಕಳೇ ವಿಡಿಯೊ ಮಾಡುತ್ತಾರೆ, ಸ್ಪರ್ಧೆ ಇರಲಿ ಬಿಡಲಿ. ಹುಡುಗರಿಗೆ ವಿಜ್ಞಾನದಲ್ಲಿ ಆಸಕ್ತಿ ಇಲ್ಲ ಎನ್ನುವವರಿಗೆ ಈಗ ನಾನು ಖಡಾಖಂಡಿತವಾಗಿ ಹೇಳುತ್ತೇನೆ: ನಾವು ಅವರಿಗೆ ಬೋರ್ಡು ತೋರಿಸಿದೆವು, ಲೋಟ ತೋರಿಸಲಿಲ್ಲ.

ಹೊಸಬರಿಗೆ ತಿದ್ದಿ ಹೇಳಿದ್ದಾಯಿತು. ಹಳಬರನ್ನು ಎಲ್ಲಿ ಹುಡುಕಿಕೊಂಡು ಹೋಗಲಿ ಎಂಬ ಕೊರಗು ಮಾತ್ರ ಉಳಿದಿತ್ತು. ಈಗ ನೋಡಿ, ಅವರಲ್ಲೊಬ್ಬ ನನ್ನೆದುರೇ ನಿಂತಿದ್ದಾನೆ, ನನ್ನ ತಪ್ಪನ್ನು ಮಗಳ ಕೈಗೆ ದಾಟಿಸುತ್ತಿದ್ದಾನೆ. ಸುತ್ತ ನೆಂಟರಿಷ್ಟರು. ಸುಮ್ಮನೆ ನಕ್ಕು ಕೇಕು ತಿಂದುಬಿಟ್ಟರೆ ನನ್ನ ಮರ್ಯಾದೆಯೇನೂ ಹೋಗುತ್ತಿರಲಿಲ್ಲ.

“ನವೀನಾ, ನಾನು ಹೇಳ್ಕೊಟ್ಟಿದ್ದು ತಪ್ಪು ಕಣೋ,” ಎಂದೆ. ಗಟ್ಟಿಯಾಗಿಯೇ ಎಂದೆ. ಒಂದೇ ಟೇಕು.

ಅವನು ಪೆಚ್ಚಾದ. “ಏನ್ ಮಿಸ್, ತಮಾಷೆ ಮಾಡ್ತಿದೀರಾ? ಎಕ್ಸಾಮಲ್ಲಿ ಬರ್ದು ಪಾಸಾಗಿದೀನಿ!”

“ಮಾರ್ಕ್ಸ್ ವಾಪಸ್ ಕೇಳಲ್ಲ ಬಿಡು. ಇನ್ನೊಂದ್ ಸಲ ಹಚ್ಚು. ನನ್ನ ಮುಖ ನೋಡ್ಬೇಡ, ಲೋಟ ನೋಡು.”

ಹಚ್ಚಿದ. ಮುಚ್ಚಿದ. ಮಕ್ಕಳು, ದೊಡ್ಡವರು, ನಾನು, ಎಲ್ಲರೂ ತಟ್ಟೆಯ ಸುತ್ತ ಬಗ್ಗಿದೆವು. ಗುಳ್ಳೆ ಬಂತು. ಬತ್ತಿ ಆರಿತು. ಪುಟ್ಟಿಯೇ ಮೊದಲು ಕೂಗಿದಳು: “ಅಪ್ಪಾ, ಆರಿದ ಮೇಲೆ ಏರ್ತು!”

ನವೀನ ತಲೆಯೆತ್ತಿ ನನ್ನನ್ನು ನೋಡಿದ. “ಹೌದಲ್ವಾ… ಯಾಕೆ ಮಿಸ್?”

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡು, ಇನ್ನೊಂದು ಮೇಣದಬತ್ತಿ ತೆಗೆದು ಅವನ ಮಗಳ ಕೈಗೆ ಕೊಟ್ಟೆ.